ಮೀಸೆ ಟೈಪು

ಎರಕದ ಕಂಪನಿಯ ಪಟ್ಟಿಯಲ್ಲಿ ಅದಕ್ಕೊಂದು ಹೆಸರಿತ್ತಂತೆ.
ಕೊಡಿಯಾಲಬೈಲಿನ ನಮ್ಮ ಪ್ರೆಸ್ಸಿನಲ್ಲಿ ಮಾತ್ರ
ಅದು ಬರೀ ಮೀಸೆ ಟೈಪು.
ಬಲಗಡೆಯ ಮೇಲಿನ ಕೇಸಿನಲ್ಲಿ, ಉಳಿದ ಮೊಳೆಗಳಿಂದ ದೂರ,
ಹಳೆ ಪಂಚೆಯ ತುಂಡು ಹೊದ್ದು ಮಲಗಿರುತ್ತಿತ್ತು.

ತಲೆಕಟ್ಟು ಸುಮ್ಮನೆ ಮುಗಿಯುತ್ತಿರಲಿಲ್ಲ;
ತುದಿಗೆ ಬಂದಲ್ಲಿ ಒಮ್ಮೆ ಒಳಗೆ ಸುತ್ತಿ
ಮತ್ತೆ ಹೊರಗೆ ಇಣುಕುವುದು,
ಕೋರ್ಟಿಗೆ ಹೊರಟ ಪಟೇಲರ ಮೀಸೆಯಂತೆ.
ಬೆನ್ನು ದಪ್ಪ, ಹೊಟ್ಟೆ ತೆಳು,
ಕೊಂಬಿನ ಕೊನೆಗೆ ಸಾಸಿವೆಯಷ್ಟು ಚುಕ್ಕಿ.

ಜೋನಸ್ ಮಾಬೆನ್ನರು ಸ್ಟಿಕ್ಕಿಗೆ ಒಂದೊಂದೇ ಇಳಿಸುತ್ತ ಹೇಳುವರು:
"ಇದು ಉಪ್ಪಿನಕಾಯಿ ಮಾರಾಯ್ತಿ, ಗಂಜಿ ಅಲ್ಲ.
ಒಂದು ಸಾಲು. ಹೆಚ್ಚೆಂದರೆ ಒಂದೂವರೆ.
ಹನ್ನೆರಡು ಪಾಯಿಂಟಿನದ್ದೂ ಉಂಟು, ಮುಟ್ಟಬೇಡ,
ಹೊಟ್ಟೆಯೊಳಗೆ ಶಾಯಿ ಕೂತರೆ
ಇ ಯಾವುದು ಣ ಯಾವುದು ಅದಕ್ಕೇ ಗೊತ್ತಾಗುವುದಿಲ್ಲ.
ಸುತ್ತ ಜಾಗ ಬಿಡು. ಮೀಸೆಗೆ ಗಾಳಿ ಬೇಕು."

ಮದುವೆಗೆ ಸೈ. ರೋಸಿಗೂ ಸೈ.
ಆಟದ ಹ್ಯಾಂಡ್‌ಬಿಲ್ಲಿನಲ್ಲಿ ಪ್ರಸಂಗದ ಹೆಸರಿಗೆ ಸೈ,
ವೇಷಧಾರಿಗಳ ಪಟ್ಟಿಗೆ ಬೇಡ:
ಒಬ್ಬರಿಗೆ ಮೀಸೆ ಇಟ್ಟರೆ ಇನ್ನೊಬ್ಬರು ಚೌಕಿಯಲ್ಲಿ ಮುಖ ತಿರುಗಿಸುತ್ತಾರೆ.
ಬೊಜ್ಜದ ಕಾಗದಕ್ಕೆ ಆ ಕೇಸು ತೆರೆಯುವುದೇ ಇಲ್ಲ.

ಬಂದರಿನ ಐಸ್ ಫ್ಯಾಕ್ಟರಿಯ ಪೊಡಿಯಬ್ಬ ಒಮ್ಮೆ ಹಠ ಹಿಡಿದ.
"ಐಸಿನ ರಶೀದಿಗೆ ಮೀಸೆ ಎಂತಕ್ಕೆ?"
"ಹಣ ಕೇಳುವ ಕಾಗದ, ಸ್ವಲ್ಪ ಚಂದ ಇರಲಿ ಮಾಬೆನ್ನರೇ."
ಹಾಕಿಕೊಟ್ಟರು.
ಮೀನಿನ ಒದ್ದೆ ಕೈಗಳಲ್ಲಿ ದಾಟಿ ದಾಟಿ
ವಾರದೊಳಗೆ ಮೀಸೆ ಕರಗಿ ಗಡ್ಡವಾಯಿತು.

ಆ ಚೈತ್ರದಲ್ಲಿ ಬೋಳಾರದ ಗಿರಿಯಪ್ಪ ಸಾಲ್ಯಾನರು ಬಂದರು,
ಮಗಳ ಮದುವೆ. ಹುಡುಗಿ ಸರಳಾ.
"ಹೆಸರೂ ಊರೂ ಎರಡೂ ಮೀಸೆಯಲ್ಲೇ ಆಗಬೇಕು."
ಮಾಬೆನ್ನರು ಕೇಸಿನ ಮನೆಗಳಲ್ಲಿ ಬೆರಳಾಡಿಸಿದರು.
ಇದ್ದದ್ದು ಎರಡು ಳ. ಒಂದರ ಮೀಸೆ ಮುರಿದಿತ್ತು,
ನಾನೇ ಕೆಡವಿದ್ದು, ಹೇಳಿರಲಿಲ್ಲ.
ಸರಳಾಗೆ ಒಂದು ಳ ಬೇಕು, ಮಂಗಳೂರಿಗೆ ಒಂದು.

ಎಷ್ಟೋ ಹೊತ್ತು ಯಾರೂ ಮಾತಾಡಲಿಲ್ಲ.
ಟ್ರೆಡಲ್ ಮಾತ್ರ ಬೇರೆ ಯಾರದ್ದೋ ಬಿಲ್ಲು ಜಗಿಯುತ್ತಿತ್ತು.
ಮತ್ತೆ ಮಾಬೆನ್ನರೆಂದರು:
"ಊರನ್ನು ಸಾದಾ ಅಕ್ಷರದಲ್ಲಿಟ್ಟರೆ
ಊರೇನು ಓಡಿಹೋಗುತ್ತದಾ?
ಹುಡುಗಿ ನಾಳೆ ಹೋಗುವವಳು. ಅವಳಿಗೆ ಇರಲಿ."
ಗಿರಿಯಪ್ಪಣ್ಣ ಶಾಲಿನ ತುದಿ ಹಿಂಡಿಕೊಂಡು
ಆಯಿತು ಅಂದರು.

ಹಾಳೆ ಬಂತು. ನಡುವೆ ಒಂದೇ ಹೆಸರು,
ಮೂರೇ ಅಕ್ಷರ, ಸುತ್ತಲೂ ಬಿಳಿ.
ದಿನಾಂಕ, ಮುಹೂರ್ತ, ಸಭಾಭವನ
ಕೆಳಗೆ ತಗ್ಗಿದ ದನಿಯಲ್ಲಿ.
ಅಷ್ಟು ಒಳ್ಳೆಯ ಕಾರ್ಡು ಆ ಪ್ರೆಸ್ಸಿನಿಂದ
ಮುಂಚೆ ಹೊರಟಿರಲಿಲ್ಲ; ಆಮೇಲೆಯೂ ಹೊರಟ ನೆನಪಿಲ್ಲ.

ಈಗ ನನ್ನ ಪರದೆಯಲ್ಲಿ ಳ ಗೆ ಬರಗಾಲವಿಲ್ಲ.
ಒತ್ತಿದಷ್ಟೂ ಬರುತ್ತದೆ, ಮೀಸೆ ಮುರಿಯದೆ.
ಗಿರಾಕಿಗಳು ಬಸ್ಸಿನ ದಾರಿ, ಊಟದ ಹೊತ್ತು,
ಉಡುಗೊರೆ ಬೇಡವೆಂಬ ಮಾತನ್ನೂ ಮೀಸೆಯಲ್ಲೇ ಕೇಳುತ್ತಾರೆ.
ಹೌದೌದು ಅನ್ನುತ್ತೇನೆ.
ಹೆಸರೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಮೆಲ್ಲ ಸಾದಾ ಮಾಡಿ
ಪ್ರೂಫ್ ಕಳಿಸುತ್ತೇನೆ.
ಹತ್ತರಲ್ಲಿ ಏಳು ಮಂದಿಗೆ ಗೊತ್ತೇ ಆಗುವುದಿಲ್ಲ.
ಉಳಿದ ಮೂವರೊಡನೆ ಜಗಳ.

ಮೊಳೆಗಳೆಲ್ಲ ಸೀಸದ ಬೆಲೆಗೆ ತೂಕಕ್ಕೆ ಹೋದುವು,
ಬಂದರಿನ ಗುಜರಿಗೆ, ಪಂಚೆಯ ತುಂಡಿನ ಸಮೇತ.
ಮುರಿದ ಳ ಒಂದು ನನ್ನ ಮೇಜಿನ ಖಾನೆಯಲ್ಲಿದೆ,
ರಬ್ಬರು, ಗುಂಡುಸೂಜಿಗಳ ನಡುವೆ.
ಜಗಳ ಜೋರಾದ ದಿನ ಹೆಬ್ಬೆಟ್ಟಿಗೆ ಒತ್ತಿಕೊಳ್ಳುತ್ತೇನೆ.
ಲೋಹದಲ್ಲಿ ತಿರುಗುಮುರುಗು ಇದ್ದದ್ದು
ಚರ್ಮದ ಮೇಲೆ ನೆಟ್ಟಗೆ ಏಳುತ್ತದೆ,
ಮೀಸೆಯಿಲ್ಲದ ಒಂದು ಪಕ್ಕ ಬಿಟ್ಟರೆ.
ಫೋನು ಇನ್ನೊಮ್ಮೆ ಬಡಿದುಕೊಳ್ಳುವುದರೊಳಗೆ
ಅದೂ ಮಾಸುತ್ತದೆ.